ಅಟ್ಟದ ಮೇಲಿನ ಟ್ರಂಕು, ಬಣ್ಣ ಬಳಿದ ವೀರಗಲ್ಲು

(ವಿಜಯಪುರದ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಲೇ ಊರೂರಿನ ಹಳೆ ಕಾಗದ, ಕಲ್ಲು, ಕಥೆಗಳ ಬೆನ್ನು ಹತ್ತಿರುವ ನಮ್ಮ ಅಂಕಣಕಾರ್ತಿ ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕಾರ, ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ. ಕಾಲೇಜಿನ ಕೆಲಸ ಸಿಗುವ ಲಕ್ಷಣ ಇಲ್ಲ. ನಿಮ್ಮ ಹಾಗೆ ಸ್ವತಂತ್ರವಾಗಿ ಸಂಶೋಧನೆ ಮಾಡಬೇಕು ಅಂತ ಆಸೆ. ಹೊಟ್ಟೆಪಾಡು ನಡೆಯುತ್ತದಾ?
— ಎಸ್., ಇಂಡಿ

ಉತ್ತರ: ನಡೆಯುವುದಿಲ್ಲ ತಮ್ಮಾ. ಇದನ್ನು ಮೊದಲೇ ಹೇಳಿಬಿಡುವುದು ಚಲೋ.

ನನ್ನ ಹೊಟ್ಟೆ ತುಂಬಿಸುವುದು ಎಪಿಎಂಸಿ ಅಂಗಡಿಯ ಲೆಕ್ಕ. ಒಣದ್ರಾಕ್ಷಿ ಸೀಸನ್ ಬಂತೆಂದರೆ ಇತಿಹಾಸಕ್ಕೆ ರಜೆ. ಮಾಲು ಕಡಿಮೆಯಾದ ಮೇಲೆ ಮತ್ತೆ ಚೀಲ ಹೆಗಲಿಗೆ. ಇತಿಹಾಸದಿಂದಲೂ ನಾಲ್ಕು ಕಾಸು ಬರುತ್ತದೆ, ಇಲ್ಲವೆನ್ನುವುದಿಲ್ಲ. ಪತ್ರಿಕೆಗೆ ಬರೆದದ್ದಕ್ಕೆ ಸಂಭಾವನೆ ಇದೆ (ಸಂಪಾದಕರು ಇದನ್ನು ಓದುತ್ತಾರೆ, ಜಾಸ್ತಿ ಹೇಳುವುದಿಲ್ಲ). ಸ್ಮರಣ ಸಂಚಿಕೆಯ ಲೇಖನಗಳಿವೆ. ಜಮೀನಿನ ತಕರಾರು ಇದ್ದವರು ಮೋಡಿ ಅನ್ನುವ ಹಳೆ ಕೂಡುಬರಹದ ಲಿಪಿಯ ಕಾಗದ ಓದಿಸಲು ಬರುತ್ತಾರೆ. ದುಡ್ಡು ಸ್ವಲ್ಪ ಜಾಸ್ತಿ ಇರುವುದು ಅದರಲ್ಲೇ. ಆದರೆ ಕಾಗದದಲ್ಲಿ ತಮಗೆ ಬೇಕಾದ ಮಾತು ಸಿಗದಿದ್ದರೆ ಅವರ ಮುಖ ಸಣ್ಣದಾಗುತ್ತದೆ. ಅದಕ್ಕೇ ನಾನು ಓದುವ ಮೊದಲೇ ಹಣ ಎಣಿಸಿಕೊಳ್ಳುತ್ತೇನೆ.

ಊರ ಚರಿತ್ರೆ ಬರೆದುಕೊಡಿ ಎಂದು ಕರೆಯುವವರೂ ಇದ್ದಾರೆ. ಚಹಾ ಮುಗಿಯುವುದರೊಳಗೆ ಎರಡನೇ ಮಾತು ಬರುತ್ತದೆ: 'ನಮ್ಮ ಮನೆತನದ್ದು ಮೊದಲ ಅಧ್ಯಾಯ ಇರಲಿ ಬಾಯಾರ.' ಆ ಮನೆತನಕ್ಕೆ ಊರಲ್ಲಿ ನಿಜವಾಗಿ ಹಳೆಯ ದಾಖಲೆ ಇದ್ದರೆ ಇರಲಿ ಬಿಡಿ. ಇಲ್ಲದಿದ್ದರೆ ಎದ್ದು ಬರುವುದೇ ಸರಿ. ಮಾಸ್ತರಿಕೆಯ ಪಗಾರ ಇಲ್ಲದವರಿಗೆ ಇದು ಕಷ್ಟದ ಮಾತು ಅಂತ ನನಗೆ ಗೊತ್ತು. ಅದಕ್ಕೇ ಹೇಳುವುದು, ಅನ್ನಕ್ಕೆ ಬೇರೆ ದಾರಿ ಇರಲಿ.

ನಮ್ಮೂರಲ್ಲೇ ದೊಡ್ಡ ಉದಾಹರಣೆ ಇದೆ. ಫ.ಗು. ಹಳಕಟ್ಟಿಯವರು ಪ್ರಾಧ್ಯಾಪಕರಲ್ಲ, ವಕೀಲರು. ವಚನದ ತಾಡೋಲೆಗಳನ್ನು ಮನೆಮನೆ ತಿರುಗಿ ಕೂಡಿಸಿದರು. ಅಚ್ಚು ಹಾಕಿಸಲು ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಆ ಮನೆಯ ಕಥೆಯನ್ನು ಎಲ್ಲ ಭಾಷಣಗಳಲ್ಲೂ ಕೇಳಿರುತ್ತೀರಿ. ನಾನು ಹೇಳುವುದು ಇಷ್ಟೇ: ತಿರುಗುವುದನ್ನು ಅವರಿಂದ ಕಲಿಯಿರಿ, ಮನೆ ಮಾರಬೇಡಿ.

ಕೆಲಸದ ಮಾತಿಗೆ ಬರುತ್ತೇನೆ. ನಿಮ್ಮ ಮೇಲೆ ಗೈಡ್ ಇರುವುದಿಲ್ಲ, ತಪ್ಪು ತಿದ್ದುವವರು ಇರುವುದಿಲ್ಲ. ಆದ್ದರಿಂದ ಟಿಪ್ಪಣಿ ಇಡುವ ಪದ್ಧತಿಯೇ ನಿಮ್ಮ ಗೈಡ್ ಆಗಬೇಕು. ನಾನು ಅಂಗಡಿಯ ಪದ್ಧತಿಯನ್ನೇ ಇಟ್ಟುಕೊಂಡಿದ್ದೇನೆ. ಒಂದು ಕೀರ್ದಿ, ಒಂದು ಖಾತೆ. ಕೀರ್ದಿ ಅಂದರೆ ದಿನದ ಪುಸ್ತಕ. ಇವತ್ತು ಯಾವ ಊರಿಗೆ ಹೋದೆ, ಯಾರ ಮನೆಯಲ್ಲಿ ಯಾವ ಕಾಗದ ನೋಡಿದೆ, ಎಷ್ಟು ಹಾಳೆ, ಯಾವುದು ಹರಿದಿತ್ತು, ಯಾರು ಏನು ಹೇಳಿದರು, ಎಲ್ಲ ಆವತ್ತೇ ಅದರಲ್ಲಿ. ಖಾತೆ ಅಂದರೆ ಹೆಸರಿನ ಪುಸ್ತಕ. ಊರಿಗೊಂದು ಪುಟ, ಮನೆತನಕ್ಕೊಂದು ಪುಟ, ಕೆರೆಗೊಂದು ಪುಟ. ಕೀರ್ದಿಯಿಂದ ಖಾತೆಗೆ ಏರಿಸುವಾಗ ಕೀರ್ದಿಯ ಪುಟದ ನಂಬರ್ ಪಕ್ಕದಲ್ಲಿ ಬರೆಯಬೇಕು. ಕೀರ್ದಿಯಲ್ಲಿ ಇಲ್ಲದ ರಕಮು ಖಾತೆಗೆ ಹತ್ತಬಾರದು. ಈ ಒಂದು ನಿಯಮದಿಂದ 'ಎಲ್ಲೋ ಓದಿದ್ದೆ' ಅನ್ನುವ ಕಾಯಿಲೆ ಅರ್ಧ ಕಡಿಮೆಯಾಗುತ್ತದೆ.

ಓದಲು ಕಾಲೇಜಿನ ಗುರುತಿನ ಚೀಟಿ ಬೇಕೇ ಬೇಕು ಅಂತೇನಿಲ್ಲ. 1884ರ ಮುಂಬೈ ಪ್ರೆಸಿಡೆನ್ಸಿ ಗೆಜೆಟಿಯರ್‌ನ 23ನೇ ಸಂಪುಟ ನಮ್ಮ ಜಿಲ್ಲೆಯದ್ದು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಬಾದಾಮಿ, ಹುನಗುಂದ ಎಲ್ಲ ಅದರಲ್ಲೇ ಇವೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ದೆಹಲಿಯ ರಾಷ್ಟ್ರೀಯ ದಫ್ತರಖಾನೆಯ ಕಾಗದಗಳಿಗೆ ಅಭಿಲೇಖ ಪಟಲ್ ಅನ್ನುವ ಜಾಲತಾಣ ಇದೆ. ಬೇರೆ ದಫ್ತರಖಾನೆಗೆ ಹೋದಾಗ ಪರಿಚಯ ಪತ್ರ ಕೇಳಿದರೆ, ನೀವು ಬರೆಯುವ ಪತ್ರಿಕೆಯ ಸಂಪಾದಕರಿಂದ ಒಂದು ಪತ್ರ ಇರಲಿ.

ಪ್ರಶ್ನೆ: ನಮ್ಮ ಮುತ್ತಜ್ಜ ಕುಲಕರ್ಣಿಕೆ, ಅಂದರೆ ಊರ ಲೆಕ್ಕ ಬರೆಯುವ ಕೆಲಸ, ಮಾಡಿದವರು. ಅಟ್ಟದ ಮೇಲೆ ಒಂದು ಟ್ರಂಕು ತುಂಬ ಕಾಗದ ಇವೆ, ಬಟ್ಟೆಯಲ್ಲಿ ಕಟ್ಟಿವೆ. ಅಕ್ಷರ ಒಂದಕ್ಕೊಂದು ಹೆಣೆದುಕೊಂಡಿವೆ, ಯಾರಿಗೂ ಓದಲು ಬರುವುದಿಲ್ಲ. ಒಬ್ಬರು ಬಂದು, ಒಯ್ದು ಓದಿ ತಂದುಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡಬಹುದೇ?
— ವಿ.ಕೆ., ಮುಧೋಳ

ಉತ್ತರ: ಕೊಡಬೇಡಿ. ನಾನೇ ಬಂದು ಕೇಳಿದರೂ ಕೊಡಬೇಡಿ. ಓದುವವರು ನಿಮ್ಮ ಪಡಸಾಲೆಯಲ್ಲಿ ಕೂತು ಓದಲಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಲಿ. ಗಂಟು ಮನೆಯ ಹೊಸ್ತಿಲು ದಾಟುವುದು ಬೇಡ. ದಾಟಲೇಬೇಕು ಅಂದರೆ ಹಾಳೆ ಎಣಿಸಿ, ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು ಕೊಡಿ. ಯಾರೂ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅವರ ಕೈಗೆ ಅದು ಹೋಗದಿದ್ದದ್ದೇ ಒಳ್ಳೆಯದಾಯಿತು.

ಈಗ ಟ್ರಂಕಿನ ಒಳಗೆ ನೋಡೋಣ. ಆ ಲಿಪಿ ಮೋಡಿ. ಬರೆಯುವವರು ಮೊದಲು ಹಾಳೆಯ ಉದ್ದಕ್ಕೂ ಒಂದು ಗೆರೆ ಎಳೆಯುತ್ತಿದ್ದರು. ಆಮೇಲೆ ಆ ಗೆರೆಯಿಂದ ಅಕ್ಷರಗಳನ್ನು ತೂಗುಬಿಡುತ್ತಾ, ಲೇಖಣಿ ಎತ್ತದೆ ಸರಸರ ಹೋಗುತ್ತಿದ್ದರು. ಪದದ ನಡುವೆ ಜಾಗ ಬಿಡುವ ಅಭ್ಯಾಸ ಇಲ್ಲ. ನಮ್ಮ ಭಾಗದಲ್ಲಿ ಪೇಶ್ವೆಯರ ಕಾಲದ ಕಾಗದ ಹೆಚ್ಚಾಗಿ ಇದೇ ಲಿಪಿಯಲ್ಲಿವೆ, ಭಾಷೆ ಮರಾಠಿ. ಅದರೊಳಗೆ ಫಾರ್ಸಿ ಶಬ್ದ ತುಂಬಿರುತ್ತವೆ. ಊರ ಹೆಸರು, ಹೊಲದ ಹೆಸರು, ಆಯಗಾರರ ಹೆಸರು ಮಾತ್ರ ಅಪ್ಪಟ ಕನ್ನಡ. ಕಲಿಯುವವರು ಮೊದಲು ಈ ಹೆಸರುಗಳನ್ನೇ ಹಿಡಿಯಬೇಕು. ನಿಮ್ಮೂರ ಹಳ್ಳದ ಹೆಸರು ನಿಮಗೆ ಗೊತ್ತಿರುತ್ತದೆ ಅಲ್ವಾ, ಅದನ್ನು ಗುರುತಿಸಿದರೆ ಏಳೆಂಟು ಅಕ್ಷರ ಕೈಗೆ ಬಂದ ಹಾಗೆ.

ತಾರೀಖು ನೋಡಿದಾಗ ಗಾಬರಿಯಾಗಬೇಡಿ. ಶಕ ವರ್ಷ ಇದ್ದರೆ 78 ಕೂಡಿಸಿ. ಫಸಲಿ (ಕಂದಾಯದ ವರ್ಷ) ಇದ್ದರೆ ನಮ್ಮ ಕಡೆ 590. ಆದರೆ 'ಸಲಾಸ್ ಸಬೈನ್ ಮಯಾ ವ ಅಲಫ್' ಅಂತ ಮಂತ್ರದ ಹಾಗೆ ಏನೋ ಇರುತ್ತದೆ. ಅದು ಸುಹೂರ್ ಸನ್, ಅಂಕಿಗಳನ್ನು ಅರಬ್ಬಿ ಮಾತಿನಲ್ಲಿ ಬಿಡಿಯಿಂದ ಶುರುಮಾಡಿ ಹೇಳಿದ್ದು. ಸಲಾಸ್ ಮೂರು, ಸಬೈನ್ ಎಪ್ಪತ್ತು, ಮಯಾ ನೂರು, ಅಲಫ್ ಸಾವಿರ. ಒಟ್ಟು 1173. ಇದಕ್ಕೆ 599 ಕೂಡಿಸಿದರೆ 1772. ಈ ಸನ್ ಜನವರಿಗೆ ಬದಲಾಗುವುದಿಲ್ಲ, ಮಿರಗ (ಮೃಗಶಿರಾ ಮಳೆ, ಜೂನ್ ಮೊದಲ ವಾರ) ಕೂಡಿದಾಗ ಬದಲಾಗುತ್ತದೆ. ಬಿತ್ತನೆಯ ಲೆಕ್ಕ ಅದು. ಹಾಗಾಗಿ ಕಾಗದ ಮುಂದಿನ ಜನವರಿಯಿಂದ ಮಿರಗದ ನಡುವಿನದ್ದಾದರೆ 600 ಕೂಡಿಸಿ, 1773 ಅನ್ನಿ.

ಸರಕಾರಿ ಕಾಗದವೋ ಖಾಸಗಿಯೋ ತಿಳಿಯಲು ಕೊನೆಯ ಸಾಲು ನೋಡಿ. ದೊಡ್ಡ ಕಚೇರಿಯಿಂದ ಬಂದದ್ದಾದರೆ 'ಮೋರ್ತಬ ಸೂದ' ಎಂದು ಇದ್ದು ಸಣ್ಣ ಶಿಕ್ಕಾ ಬಿದ್ದಿರುತ್ತದೆ. ಪತ್ರ ಇಲ್ಲಿಗೆ ಮುಗಿಯಿತು, ಇದರ ಕೆಳಗೆ ಯಾರೂ ಏನೂ ಸೇರಿಸಬಾರದು ಅಂತ. ಹಾಳೆಗೆ ಹಾಳೆ ಅಂಟಿಸಿದ್ದರೆ ಬೆನ್ನು ತಿರುವಿ ನೋಡಿ, ಜೋಡಿನ ಮೇಲೂ ಶಿಕ್ಕಾ ಇರಬಹುದು. ನಡುವಿನ ಹಾಳೆ ಬದಲಾಯಿಸುವವರು ಆಗಲೂ ಇದ್ದರು ಅಂತಾಯಿತು.

ಜನ ಸನದು (ದೊರೆ ಕೊಟ್ಟ ಹಕ್ಕುಪತ್ರ), ಇನಾಮು ಹುಡುಕುತ್ತಾರೆ. ನನಗೆ ಆಸೆ ಇರುವುದು ಊರ ಖರ್ಚಿನ ಯಾದಿಯ ಮೇಲೆ. ಗುಡಿಯ ದೀಪಕ್ಕೆ ಎಣ್ಣೆ ಎಷ್ಟು, ಜಾತ್ರೆಗೆ ಬಂದ ಡೊಳ್ಳಿನವರಿಗೆ ಏನು ಕೊಟ್ಟರು, ದಂಡು ಹಾದುಹೋದಾಗ ಹುಲ್ಲು, ಕಟ್ಟಿಗೆ ಎಷ್ಟು ಹೋಯಿತು. ಸನದಿನಲ್ಲಿ ದೊರೆ ಮಾತಾಡುತ್ತಾನೆ, ಅದೂ ಒಂದೇ ಧಾಟಿ. ಯಾದಿಯಲ್ಲಿ ತಳವಾರ, ಬಡಿಗೇರ, ಮಡಿವಾಳ ಎಲ್ಲರೂ ಹೆಸರು ಹಿಡಿದು ಬರುತ್ತಾರೆ. ನೋಡಲು ಬೇಸರದ ಕಾಗದ. ಸುಡುವಾಗ ಮೊದಲು ಒಲೆಗೆ ಹೋಗುವುದೂ ಅದೇ. 1950ರ ಕಾಯ್ದೆಯಿಂದ ಮುಂಬೈ ಪ್ರಾಂತದಲ್ಲಿ ಕುಲಕರ್ಣಿ ವತನ (ವಂಶದಿಂದ ಬಂದ ಹುದ್ದೆಯ ಹಕ್ಕು) ರದ್ದಾದವು. ಆಮೇಲೆ ಇಂಥ ದಫ್ತರಗಳಿಗೆ ಹೇಳುವವರು ಕೇಳುವವರು ಇಲ್ಲದಾಯಿತು. ನಿಮ್ಮ ಮುಧೋಳ 1948ರವರೆಗೆ ಬೇರೆಯೇ ಸಂಸ್ಥಾನ. ಅದರ ಹಳ್ಳಿ ಲೆಕ್ಕ ಮುಂಬೈ ಪ್ರಾಂತದ ಹಳ್ಳಿಗಳ ಲೆಕ್ಕದ ಜೊತೆ ಬೆರೆತಿರುವುದಿಲ್ಲ. ಆದ್ದರಿಂದ ನಿಮ್ಮ ಟ್ರಂಕಿನ ಮೇಲೆ ನನಗೆ ಒಂದು ಕಣ್ಣು ಅಂತಲೇ ತಿಳಿಯಿರಿ.

ಒಂದು ಎಚ್ಚರಿಕೆ. ಗಂಟಿನಲ್ಲಿ ಕಪ್ಪು ಬಟ್ಟೆಯ, ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುವ ಪುಸ್ತಕ ಇದ್ದರೆ ಅದು ಕಡತ. ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ ಬಳಪದಿಂದ ಬರೆದದ್ದು. ಧೂಳು ಅಂತ ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳಿನ ಜೊತೆ ಅಕ್ಷರವೂ ಹೋಗುತ್ತದೆ. ಕಾಗದಕ್ಕೆ ಲ್ಯಾಮಿನೇಶನ್ ಬೇಡ, ಸೆಲ್ಲೋಟೇಪ್ ಬೇಡ. ಹಳೆಯ ಹತ್ತಿ ಧೋತರದಲ್ಲಿ ಕಟ್ಟಿ, ನೆಲದಿಂದ ಮೇಲೆ ಇಡಿ. ಯಾವ ಕಾಗದ ಯಾವ ಗಂಟಿನಲ್ಲಿತ್ತೋ ಅದರಲ್ಲೇ ಇರಲಿ. ನೀಟಾಗಲಿ ಅಂತ ಎಲ್ಲ ಬೆರೆಸಿದರೆ ಒಂದು ಕಾಗದಕ್ಕೂ ಪಕ್ಕದ ಕಾಗದಕ್ಕೂ ಇದ್ದ ಸಂಬಂಧ ತಪ್ಪಿಹೋಗುತ್ತದೆ.

ಪ್ರಶ್ನೆ: ಇಷ್ಟು ಹಳೆ ಗುಡಿ, ವಾಡೆ ತಿರುಗುತ್ತೀರಿ. ನಿಧಿ ಸಿಕ್ಕಿದೆಯೇ?
— ಹೆಸರು ಬೇಡ, ಬಾಗಲಕೋಟೆ

ಉತ್ತರ: ಹೆಸರು ಬೇಡ ಅಂದದ್ದಕ್ಕೆ ನಗು ಬಂತು. ಸಿಕ್ಕಿಲ್ಲ. ಸಿಕ್ಕರೂ ಅದು ನನ್ನದಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕಾಯ್ದೆ ಇದೆ. ನಿಧಿ ಆಸೆಗೆ ಲಿಂಗದ ಪೀಠ ಅಗೆದವರು ಬಿಟ್ಟುಹೋದ ಗುಂಡಿಗಳನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ತಾಳಿಕೋಟೆ ಯುದ್ಧ ನಮ್ಮೂರಲ್ಲಿ ನಡೆದೇ ಇಲ್ಲ ಅನ್ನುತ್ತಾರೆ. ಹಾಗಾದರೆ ಹೆಸರು ಯಾಕೆ ಬಂತು?
— ಎಂ.ಬಿ., ತಾಳಿಕೋಟೆ

ಉತ್ತರ: ಸುಲ್ತಾನರ ದಂಡುಗಳು ಬಂದು ಕೂಡಿ ಬೀಡುಬಿಟ್ಟದ್ದು ನಿಮ್ಮೂರಲ್ಲಿ. 1565ರ ಜನವರಿಯಲ್ಲಿ ಕಾಳಗ ಆದದ್ದು ಅಲ್ಲಿಂದ ದಕ್ಷಿಣಕ್ಕೆ, ಕೃಷ್ಣೆಯ ಕಡೆ. ಮುದ್ದೇಬಿಹಾಳ ತಾಲೂಕಿನಲ್ಲಿ ಹೊಳೆಯ ದಂಡೆಗೆ ಇರುವ ರಕ್ಕಸಗಿ, ತಂಗಡಗಿ ಊರುಗಳಿಂದ 'ರಕ್ಕಸತಂಗಡಿ' ಅನ್ನುವ ಹೆಸರೂ ಬಂತು. ಕಾಳಗದ ಬಯಲು ಹೊಳೆಯ ಆಚೆ ದಂಡೆಯಲ್ಲಿತ್ತು ಅನ್ನುವವರೇ ಜಾಸ್ತಿ. ನಿಖರವಾಗಿ ಯಾವ ಹೊಲ ಅಂತ ಜಗಳಾಡಬಹುದು. ಜಗಳಾಡುವಾಗ ಒಂದು ನೆನಪಿರಲಿ. ಎಲ್ಲರೂ ಎತ್ತಿ ಹೇಳುವ ಚರಿತ್ರೆಕಾರ ಫೆರಿಷ್ತಾ ನಮ್ಮ ವಿಜಯಪುರದ ಆಸ್ಥಾನದಲ್ಲಿ ಕೂತು ಬರೆದವನು ಖರೆ, ಆದರೆ ಯುದ್ಧದ ಹೊತ್ತಿಗೆ ಅವನು ಹುಟ್ಟಿದ್ದರೂ ಕೂಸು. ಅವನು ಬರೆದದ್ದು ಬೇರೆಯವರಿಂದ ಕೇಳಿದ್ದು, ಓದಿದ್ದು.

ಪ್ರಶ್ನೆ: ಹಲಗಲಿ ಬೇಡರ ಲಾವಣಿಯನ್ನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳು 'ಇದು ಖರೆ ನಡೆದದ್ದಾ ಟೀಚರ್' ಅಂತ ಕೇಳುತ್ತಾರೆ. ಲಾವಣಿಯನ್ನು ಇತಿಹಾಸದ ದಾಖಲೆ ಅನ್ನಬಹುದೇ?
— ಶಿಕ್ಷಕಿ, ಬೀಳಗಿ

ಉತ್ತರ: ಅನ್ನಬಹುದು, ಆದರೆ ಯಾವುದಕ್ಕೆ ದಾಖಲೆ ಅಂತ ಮೊದಲು ಕೇಳಿಕೊಳ್ಳಬೇಕು.

1857ರಲ್ಲಿ ಆಯುಧ ಒಪ್ಪಿಸಬೇಕು ಅಂತ ಇಂಗ್ಲಿಷರ ಹುಕುಂ ಬಂತು. ಹಲಗಲಿಯ ಬೇಡರು ಒಪ್ಪಲಿಲ್ಲ, ದಂಡು ಬಂದು ಊರು ಸುಟ್ಟಿತು. ಇದಕ್ಕೆ ಸರಕಾರದ ಕಾಗದಗಳಲ್ಲೂ ಆಧಾರ ಇದೆ, ಲಾವಣಿಯೇ ಬೇಕಾಗಿಲ್ಲ. ಲಾವಣಿ ನಮಗೆ ಸಿಕ್ಕದ್ದು ಜಾನ್ ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿಯಿಂದ. ಶಾಸನ ಓದುವುದರಲ್ಲಿ ಆತ ಗಟ್ಟಿಗ. 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಇಂಥ ಕೆಲವು ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದ. ಅಂದರೆ ಗಲಾಟೆ ಆಗಿ ಹತ್ತಿರಹತ್ತಿರ 30 ವರ್ಷ ಕಳೆದಿತ್ತು. ಬಂಡಾಯ ಮುರಿದ ಸರಕಾರದ ನೌಕರನೇ ಬಂಡಾಯದ ಹಾಡು ಉಳಿಸಿದ, ಇದೊಂದು ಮಜಾ. ಲಾವಣಿಯ ಕೊನೆಗೆ ಕುರ್ತಕೋಟಿಯ ಕಲ್ಮೇಶನ ದಯೆ ಅಂತ ಬರುತ್ತದೆ. ಕುರ್ತಕೋಟಿ ಇರುವುದು ಗದಗದ ಕಡೆ. ಹಾಗಾದರೆ ಹಾಡು ಕಟ್ಟಿದವನು ಹಲಗಲಿಯಲ್ಲಿ ನಿಂತು ನೋಡಿದವನು ಇರಲಿಕ್ಕಿಲ್ಲ, ಅಲ್ವಾ?

ಹಾಗಂತ ಬಿಟ್ಟುಬಿಡಬೇಡಿ. ಲಾವಣಿಯಲ್ಲಿ ಲೂಟಿಯಾದ ಸಾಮಾನಿನ ಪಟ್ಟಿ ಇದೆ. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುಕಲ್ಲು. ನಾನು ಲೆಕ್ಕದವಳು, ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ದಂಡಿನ ವರದಿಯಲ್ಲಿ ಎಷ್ಟು ಜನ ಸತ್ತರು, ಎಷ್ಟು ಜನ ಸೆರೆ ಸಿಕ್ಕರು ಅಂತ ಇರುತ್ತದೆ. ಒಲೆಯ ಪಕ್ಕದ ಜೀರಿಗೆ ಡಬ್ಬಿ ಹೋಯಿತು ಅಂತ ಯಾವ ಅಧಿಕಾರಿಯೂ ಬರೆಯುವುದಿಲ್ಲ. ಮಕ್ಕಳಿಗೆ ಆ ಪಟ್ಟಿ ಓದಿಸಿ, ಒಂದೊಂದು ಸಾಮಾನು ಯಾರ ಕೈಯಲ್ಲಿ ಇರುವಂಥದ್ದು ಅಂತ ಕೇಳಿ. ಊರು ಸುಟ್ಟಾಗ ಹೆಂಗಸರು ಏನು ಕಳೆದುಕೊಂಡರು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಗದ ನನಗೆ ಸಿಕ್ಕಿಲ್ಲ.

ಪ್ರಶ್ನೆ: ನಾನು ಪಿಎಚ್.ಡಿ.ಗೆ ದೇಸಗತಿ (ದೇಸಾಯಿ) ಮನೆತನಗಳ ಬಗ್ಗೆ ಕೆಲಸ ಮಾಡುತ್ತಿದ್ದೇನೆ. ಹಳ್ಳಿಗೆ ಹೋದರೆ ಹಿರಿಯರು ನನ್ನ ಜೊತೆ ಮಾತಾಡುವುದೇ ಇಲ್ಲ, ಜೊತೆಗೆ ಬಂದ ತಮ್ಮನ ಜೊತೆ ಮಾತಾಡುತ್ತಾರೆ. ಏನು ಮಾಡಲಿ?
— ಸಂಶೋಧನಾ ವಿದ್ಯಾರ್ಥಿನಿ, ಅಥಣಿ

ಉತ್ತರ: ತಮ್ಮನನ್ನು ಪಡಸಾಲೆಯಲ್ಲಿ ಕೂಡಿಸಿ ನೀನು ಒಳಗೆ ಹೋಗು ತಂಗಿ. ಗಂಡಸು ಸಂಶೋಧಕರು ಇಡೀ ದಿನ ಪಡಸಾಲೆಯಲ್ಲೇ ಕೂತು, ಮೂರು ಸಲ ಚಹಾ ಕುಡಿದು, ಹಿರಿಯರ ಬಾಯಿಂದ ಮನೆತನದ ಪರಾಕ್ರಮ ಕೇಳಿ ಬರುತ್ತಾರೆ. ಟ್ರಂಕಿನ ಕೀಲಿ ಮಾತ್ರ ಆಯಿಯ ಸೊಂಟದಲ್ಲಿ ಇರುತ್ತದೆ. ಯಾವ ಸೊಸೆ ಯಾವ ಊರಿಂದ ಬಂದಳು, ಉಡಿಯಲ್ಲಿ ಯಾವ ಹೊಲ ತಂದಳು, ದತ್ತಕ ಯಾಕೆ ಆಯಿತು, ಎಲ್ಲ ಒಳಗಿನವರಿಗೇ ಗೊತ್ತು. ನಾನು ಹೋದ ಕಡೆ ಮೊದಲು ರೊಟ್ಟಿ ಬಡಿಯುವವರ ಹತ್ತಿರ ಕೂಡುತ್ತೇನೆ. ಪೆನ್ನು ಆಮೇಲೆ ತೆಗೆದರಾಯಿತು.

ಇನ್ನೊಂದು ದಾರಿ ಹೆಳವರು. ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆ ಹಾಡಿ, ದವಸ ಪಡೆದು ಹೋಗುವವರು. ಅವರು ಬರುವ ವರ್ಷ ಯಾವುದು ಅಂತ ಮನೆಯವರನ್ನು ಕೇಳಿಟ್ಟುಕೋ. ಹೆಸರುಗಳ ಸಾಲು ಹತ್ತಿರದ ನಾಲ್ಕಾರು ತಲೆಮಾರಿಗೆ ಚೆನ್ನಾಗಿ ತಾಳೆಯಾಗುತ್ತದೆ. ಅದಕ್ಕಿಂತ ಹಿಂದೆ ಹೋದ ಹಾಗೆ ಹೊಗಳಿಕೆ ಜಾಸ್ತಿ, ಹೆಸರು ಕಡಿಮೆ. ಆದರೂ ಮನೆತನ ಮೂಲದಲ್ಲಿ ಯಾವ ಊರಿಂದ ಬಂತು ಅನ್ನುವ ಮಾತನ್ನು ಕಡೆಗಣಿಸಬೇಡ. ಆ ಊರಿಗೆ ಹೋಗಿ ಅಲ್ಲಿನ ದೇವರನ್ನು ನೋಡು. ಇವರ ಮನೆದೇವರೂ ಅದೇ ಆಗಿದ್ದರೆ ಹುಡುಕಲು ಒಂದು ಜಾಗ ಸಿಕ್ಕಿತು.

ಪ್ರಶ್ನೆ: ನಮ್ಮೂರ ಹಣಮಪ್ಪನ ಗುಡಿ ಮುಂದೆ ಒಂದು ವೀರಗಲ್ಲು ಇದೆ. ಪಟ್ಟಿಯ ಮೇಲೆ ಹಳಗನ್ನಡ ಅಕ್ಷರ ಇವೆ. ಆದರೆ ಭಕ್ತರು ಆಯಿಲ್ ಪೇಂಟ್ ಬಳಿದಿದ್ದಾರೆ. ನಮ್ಮ ಯುವಕ ಮಂಡಳದವರು ಆ್ಯಸಿಡ್ ಹಾಕಿ ತೊಳೆದು ಓದಿಸಬೇಕು ಅಂತಿದ್ದೇವೆ.
— ಆರ್.ಎಚ್., ಸಿಂದಗಿ ತಾಲೂಕು

ಉತ್ತರ: ಆ್ಯಸಿಡ್ ಬಾಟಲಿ ವಾಪಸ್ ಕೊಟ್ಟು ಬನ್ನಿ. ಪೇಂಟ್ ಹೋಗುವಾಗ ಕಲ್ಲಿನ ಮೈಯೂ ಹೋಗುತ್ತದೆ. ಅಕ್ಷರದ ಆಳ ಹೆಚ್ಚೆಂದರೆ ಜೋಳದ ಕಾಳಿನಷ್ಟು. ತಂತಿ ಬ್ರಷ್ ಬೇಡ, ಅಕ್ಷರದೊಳಗೆ ಸುಣ್ಣ, ಚಾಕ್ ತುಂಬುವುದೂ ಬೇಡ. ಚಾಕ್ ತುಂಬಿದವನು ತನಗೆ ಕಂಡ ಅಕ್ಷರವನ್ನು ಬರೆಯುತ್ತಾನೆ, ಆಮೇಲೆ ಬಂದವರು ಅವನ ಕೈಬರಹ ಓದುತ್ತಾರೆ.

ಮೊದಲು ಇದು ಆಗಲೇ ಅಚ್ಚಾಗಿದೆಯೇ ನೋಡಿ. ದಕ್ಷಿಣ ಭಾರತ ಶಾಸನಗಳ ಸಂಪುಟಗಳಲ್ಲಿ 11, 15, 18, 20 ಇವು ನಮ್ಮ ಮುಂಬೈ ಕರ್ನಾಟಕದ (ಈಗಿನ ಕಿತ್ತೂರು ಕರ್ನಾಟಕ) ಶಾಸನಗಳಿಗೇ ಮೀಸಲು. ಹಿಂದಿನ ಪುಟಗಳಲ್ಲಿ ಊರ ಹೆಸರಿನ ಸೂಚಿ ಇರುತ್ತದೆ. ನಿಮ್ಮೂರ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಾಗಿ ಹುಡುಕಿ, ತಾಲೂಕು ಹಳೆಯದೇ ಇರಬಹುದು.

ಅಲ್ಲಿ ಇಲ್ಲದಿದ್ದರೆ ಅಮಾವಾಸ್ಯೆ ಆಸುಪಾಸಿನ ರಾತ್ರಿ ಟಾರ್ಚ್ ತೆಗೆದುಕೊಂಡು ಹೋಗಿ. ಬೆಳಕನ್ನು ಎದುರಿಂದ ಬಿಡಬೇಡಿ. ಕಲ್ಲಿನ ಪಕ್ಕಕ್ಕೆ, ಮೈಗೆ ತಾಗಿಸಿದ ಹಾಗೆ ಹಿಡಿಯಿರಿ. ಹಗಲಲ್ಲಿ ಬರೀ ಬಣ್ಣ ಕಾಣುವ ಕಡೆ ಅಕ್ಷರದ ಒಂದು ಅಂಚು ಬೆಳಗುತ್ತದೆ, ಇನ್ನೊಂದು ಅಂಚು ಕತ್ತಲಾಗುತ್ತದೆ. ಒಂದೇ ಸಾಲಿಗೆ ಎಡದಿಂದ, ಬಲದಿಂದ, ಮೇಲಿಂದ ಬೆಳಕು ಬಿಟ್ಟು ಬೇರೆ ಬೇರೆ ಫೋಟೋ ತೆಗೆಯಿರಿ. ಪೇಂಟ್ ತೆಳುವಾಗಿದ್ದರೆ ಅಷ್ಟರಲ್ಲೇ ಸಾಕಷ್ಟು ಓದಬಹುದು. ದಪ್ಪ ಇದ್ದರೆ ಪುರಾತತ್ವ ಇಲಾಖೆಯವರಿಗೆ ಅರ್ಜಿ ಕೊಡಿ, ಕೈ ಹಚ್ಚುವುದು ಅವರ ಕೆಲಸ.

ವೀರಗಲ್ಲಿನಲ್ಲಿ ಚಿತ್ರ ಕೆಳಗಿನಿಂದ ಮೇಲೆ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಅವನು ಲಿಂಗದ ಮುಂದೆ. ಕೆಳಗಿನ ಅಂಕಣದಲ್ಲಿ ದನಗಳಿದ್ದರೆ ತುರುಗಾಳಗ. ಅಕ್ಷರದಲ್ಲಿ ಮೊದಲು ಹುಡುಕಬೇಕಾದದ್ದು ವರ್ಷ. 'ಚಾಳುಕ್ಯ ವಿಕ್ರಮ ವರ್ಷ' ಅಂತ ಇದ್ದರೆ ಅದು ಆರನೇ ವಿಕ್ರಮಾದಿತ್ಯ 1076ರಲ್ಲಿ ಶುರುಮಾಡಿದ ಎಣಿಕೆ, 1075 ಕೂಡಿಸಿ. 40ನೇ ವರ್ಷ ಅಂದರೆ 1115. ಜೊತೆಗೆ ಸಂವತ್ಸರದ ಹೆಸರೂ ಇರುತ್ತದೆ, ಎರಡೂ ತಾಳೆಯಾಗುತ್ತವೆಯೇ ನೋಡಿ. ತಾಳೆಯಾಗದಿದ್ದರೆ ಹೆಚ್ಚಿನ ಸಲ ಅಂಕಿಯನ್ನು ತಪ್ಪಾಗಿ ಓದಿರುತ್ತೇವೆ.

ಭಕ್ತರ ಜೊತೆ ಜಗಳ ಬೇಡ. ಅವರು ಬಣ್ಣ ಬಳಿದು, ಎಣ್ಣೆ ಹಾಕಿ ಪೂಜೆ ಮಾಡಿದ್ದಕ್ಕೇ ಆ ಕಲ್ಲು ಇನ್ನೂ ಅಲ್ಲಿದೆ. ಪಕ್ಕದ ಊರಲ್ಲಿ ಪೂಜೆ ಇಲ್ಲದ ವೀರಗಲ್ಲುಗಳು ಚರಂಡಿಯ ಹಾಸುಗಲ್ಲಾಗಿವೆ, ಹೋಗಿ ನೋಡಿ ಬೇಕಾದರೆ. ಮುಂದಿನ ಸಲ ಬಣ್ಣ ಹಚ್ಚುವಾಗ ಅಕ್ಷರದ ಪಟ್ಟಿ ಬಿಟ್ಟು ಹಚ್ಚಿರಿ ಅಂತ ಪೂಜಾರಿಗೆ ಹೇಳಿ, ಅಷ್ಟು ಕೇಳುತ್ತಾರೆ.

ಫೋಟೋ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕಲ್ಲಿನ ಪಕ್ಕ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಮೊದಲಿನಿಂದ ಅಲ್ಲೇ ಇತ್ತೋ ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದೋ ಹಿರಿಯರನ್ನು ಕೇಳಿ ಬರೆಯಿರಿ. ಯುವಕ ಮಂಡಳದವರು ಸಾಲಾಗಿ ನಿಂತ ಫೋಟೋ ಬೇಡ, ಹೋದ ಸಲ ಅಂಥದ್ದೇ ಜಾಸ್ತಿ ಬಂದಿದ್ದವು.